ಪರರು ಮಾಡಿದ ಬೀಗವೂ ನಮ್ಮ ಹೊಣೆಯೂ

ನಮ್ಮ ಮನೆಯ ಬಾಗಿಲಿಗೆ ಪರರು ಮಾಡಿದ ಬೀಗವನ್ನು ಹಾಕಿಕೊಂಡಿದ್ದೇವೆ. ಆ ಬೀಗದಲ್ಲಿ ಲೋಪವುಂಟೆಂದು ಒಂದು ದಿನ ತಿಳಿದುಬಂದರೆ ಅದನ್ನು ಸರಿಪಡಿಸುವ ಹೊಣೆ ಯಾರದು? ಮಾಡಿದವನದೆಂದು ಹೇಳಿ ನಾವು ಸುಮ್ಮನಿರಬಹುದೇ? ಪ್ರಶ್ನೆಯು ಮೇಲ್ನೋಟಕ್ಕೆ ಸುಲಭವಾಗಿಯೇ ತೋರುವುದು. ಆದರೆ ಕೆಲವು ವರ್ಷಗಳ ಕೆಳಗೆ ಗಣಕಯಂತ್ರಗಳ ಲೋಕದಲ್ಲಿ ನಡೆದ ಒಂದು ಸಂಗತಿಯನ್ನು ವಿಚಾರಿಸಿದಲ್ಲಿ, ಅದು ಅಷ್ಟು ಸುಲಭವಲ್ಲವೆಂದು ವಾಚಕರಿಗೆ ತಿಳಿಯದಿರದು.

ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಗಣಕಯಂತ್ರಗಳಲ್ಲಿ ‘ರೂಟ್’ ಎಂಬ ಒಬ್ಬ ಯಜಮಾನನುಂಟು. ಆತನಿಗೆ ಸಮಸ್ತ ಕಡತಗಳ ಮೇಲೆಯೂ ಅಧಿಕಾರ. ಉಳಿದವರಿಗೆ ಅವರವರ ಮಿತಿಯೊಳಗೆ ಮಾತ್ರ. ಆದರೂ ಯಜಮಾನನ ಅಧಿಕಾರವು ಸಾಮಾನ್ಯನಿಗೂ ಆಗಾಗ ಕ್ಷಣಮಾತ್ರಕ್ಕೆ ಬೇಕಾಗುವುದು. ಅದಕ್ಕಾಗಿ ಪೋಲ್‌ಕಿಟ್ ಎಂಬ ತಂತ್ರಾಂಶದೊಳಗೆ ಪಿಕೆಎಕ್ಸೆಕ್ ಎಂಬ ಉಪಕರಣವನ್ನಿಟ್ಟಿದ್ದಾರೆ. ನಮ್ಮ ಸೀಮೆಯ ದೇವಸ್ಥಾನಗಳ ಪಾರುಪತ್ಯಗಾರನನ್ನು ನೆನೆದುಕೊಂಡರೆ ಇದರ ಸ್ವರೂಪವು ತಿಳಿಯುವುದು. ಮೊಕ್ತೇಸರರ ಮುದ್ರೆಯು ಅವನ ಕೈಯಲ್ಲಿದೆ. ಕೇಳಿ ಬಂದವನ ಯೋಗ್ಯತೆಯನ್ನು ವಿಚಾರಿಸಿದ ಬಳಿಕವೇ ಅವನು ಅದನ್ನು ಒತ್ತತಕ್ಕದ್ದು.

ಈ ಪಾರುಪತ್ಯಗಾರನ ಲೋಪವು ವಿಚಿತ್ರವಾದುದು. ತನಗೆ ಕೊಡುವ ಚೀಟಿಯಲ್ಲಿ ಒಂದು ಹೆಸರಾದರೂ ಇದ್ದೇ ಇರುವುದೆಂದು ಅವನು ನಂಬಿದ್ದನು. ಏನೂ ಬರೆಯದ ಚೀಟಿಯನ್ನು ಕೊಟ್ಟರೆ, ಅದರ ಪಕ್ಕದಲ್ಲಿದ್ದ ಬೇರೊಂದು ಕಾಗದವನ್ನೇ ಚೀಟಿಯ ಮುಂದಿನ ಭಾಗವೆಂದು ಭ್ರಮಿಸಿ ಓದುವನು. ಓದುವುದು ಮಾತ್ರವಲ್ಲ, ಅದರ ಮೇಲೆ ಬರೆದೂ ಬಿಡುವನು. ಹೆಬ್ಬಾಗಿಲಿನ ಕಾವಲುಗಾರನು ಅಪಾಯಕರವೆಂದು ಹೊಡೆದುಹಾಕಿದ್ದ ಮಾತುಗಳು ಹೀಗೆ ಒಳಗೆ ಬಂದ ಮೇಲೆ ಪುನಃ ಮೂಡುವುವು. ಅವುಗಳ ಬಲದಿಂದ, ಯಂತ್ರದಲ್ಲಿ ಅತ್ಯಲ್ಪವಾದ ಪ್ರವೇಶವುಳ್ಳವನ ಆಜ್ಞೆಯೂ ಯಜಮಾನನ ಅಧಿಕಾರದಿಂದಲೇ ನೆರವೇರುವುದು.

೨೦೦೯ನೆಯ ಇಸವಿ ಮೇ ತಿಂಗಳಲ್ಲಿ ಈ ಉಪಕರಣವು ಹುಟ್ಟಿದಂದಿನಿಂದಲೂ ಲೋಪವಿತ್ತು. ೨೦೧೩ರಲ್ಲಿ ರಯಾನ್ ಮ್ಯಾಲನ್ ಎಂಬವರು ಬರಿಯ ಚೀಟಿಯ ಈ ವೈಚಿತ್ರ್ಯವನ್ನು ಕಂಡು ಬರೆದಿದ್ದರು. ಅದರಿಂದ ಅಧಿಕಾರವನ್ನು ಕಸಿಯುವ ದಾರಿಯು ಆಗ ಕಾಣಲಿಲ್ಲವಾದುದರಿಂದ ಮಾತು ಅಲ್ಲಿಗೇ ನಿಂತಿತು. ಕ್ವಾಲಿಸ್ ಸಂಸ್ಥೆಯ ಶೋಧಕರು ಆ ದಾರಿಯನ್ನು ಕಂಡುಹಿಡಿದು, ೨೦೨೧ರ ನವೆಂಬರದಲ್ಲಿ ಸಂಬಂಧಪಟ್ಟವರಿಗೆ ಗುಟ್ಟಾಗಿ ತಿಳಿಸಿದರು. ತಿದ್ದುಪಡಿ ಸಿದ್ಧವಾದ ಮೇಲೆ ೨೦೨೨ನೆಯ ಜನವರಿ ೨೫ರಂದು ಲೋಕಕ್ಕೆ ಪ್ರಕಟಪಡಿಸಿದರು. ತಿದ್ದುಪಡಿಯಾದರೋ ಅತ್ಯಲ್ಪ: ಚೀಟಿಯು ಬರಿದಾಗಿದ್ದರೆ ಯಾವ ಕೆಲಸವನ್ನೂ ಮಾಡದೆ ಹಿಂದಿರುಗುವುದು, ಅಷ್ಟೆ. ಹನ್ನೆರಡು ವರ್ಷಗಳ ಲೋಪಕ್ಕೆ ಇಷ್ಟೇ ಮದ್ದೇ ಎಂದು ಓದಿದಾಗ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಶೋಧಕರು ಬೀಗ ಮುರಿಯುವ ಕ್ರಮವನ್ನು ಪ್ರಕಟಿಸಿರಲಿಲ್ಲ. ಆದರೂ ವಿವರವನ್ನು ಓದಿದ ಇತರರು ಅದನ್ನು ಅದೇ ದಿನ ರಚಿಸಿ ಹೊರಗಿಟ್ಟರು. ಎಂದರೆ, ತಿದ್ದುಪಡಿಯೇ ಬಿರುಕಿನ ನಕ್ಷೆಯಾಯಿತು. ತಿದ್ದಿಕೊಂಡವನು ಕ್ಷೇಮ, ತಿದ್ದಿಕೊಳ್ಳದವನು ನಿನ್ನೆಗಿಂತ ಇಂದು ಹೆಚ್ಚಿನ ಅಪಾಯದಲ್ಲಿ. ಹಾಗಾದರೆ ಮುಚ್ಚಿಡುವುದೇ ಲೇಸಾಗಿತ್ತೆಂದು ಕೆಲವರು ಹೇಳುವರು. ಮುಚ್ಚಿಟ್ಟುದು ಉಳಿಯುವುದೆಂಬ ನಂಬಿಕೆಯು ನಮ್ಮ ಸೀಮೆಗೆ ಹೊಸತಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಳಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದುವು. ಗುಟ್ಟು ಅವುಗಳನ್ನು ಕಾಯಿತು, ನಿಜ. ಆದರೆ ಪ್ರತಿಗಳಲ್ಲಿ ನುಸುಳಿದ ತಪ್ಪುಗಳನ್ನು ಮೂಲದೊಡನೆ ಒಪ್ಪವಿಟ್ಟು ತಿದ್ದುವುದು ಗರಿಗಳನ್ನು ತೆರೆದ ಮೇಲಲ್ಲದೆ ಸಾಧ್ಯವಾಗಲಿಲ್ಲ. ಬೀಗದ ವಿಷಯದಲ್ಲಂತೂ ಗುಟ್ಟು ತಿದ್ದುವವನನ್ನು ತಡೆಯುವುದು, ಕಳ್ಳನನ್ನಲ್ಲ.

ಇದು ದೂರದೇಶದ ಸುದ್ದಿಯೆಂದು ಯಾರೂ ತಿಳಿಯಬಾರದು. ಲೋಪಕ್ಕೊಳಗಾದ ವ್ಯವಸ್ಥೆಗಳಲ್ಲಿ ಉಬುಂಟು ಒಂದು; ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರಕಾರೀ ಶಾಲೆಗಳ ಗಣಕಯಂತ್ರಗಳು ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆಯಿಂದಲೇ ನಡೆಯುತ್ತವೆ. ನನ್ನ ಸೋದರಳಿಯನೊಬ್ಬನು ಬಂಟ್ವಾಳ ತಾಲೂಕಿನ ಒಂದು ಸಂಸ್ಥೆಯಲ್ಲಿ ಯಂತ್ರಗಳ ಉಸ್ತುವಾರಿಯವನು. ಆ ಜನವರಿಯಲ್ಲಿ ಒಂದು ಸಂಜೆ ಅವನು ಬಾಡಿದ ಮುಖದಿಂದ ನಮ್ಮ ಮನೆಗೆ ಬಂದನು. ಮೇಲಿನವರಿಗೆ ಸಂಗತಿಯನ್ನು ತಿಳಿಸಿದಾಗ, “ಮಾಡಿದವರು ತಿದ್ದಲಿ, ನಡೆಯುತ್ತಿರುವ ಯಂತ್ರವನ್ನು ನೀನು ಮುಟ್ಟಬೇಡ” ಎಂದರಂತೆ. ಪಾರುಪತ್ಯಗಾರನ ಕೈಯಿಂದ ಮುದ್ರೆಯನ್ನು ತಾತ್ಕಾಲಿಕವಾಗಿ ತೆಗೆದಿಡಲು ಒಂದೇ ಸಾಲಿನ ಆಜ್ಞೆ ಸಾಕು. “ರಾತ್ರಿ ಯಾರಿಗೂ ಹೇಳದೆ ಮಾಡಿಬಿಡಲೇ, ಮಾವ?” ಎಂದು ಕೇಳಿದನು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಲವು ಬಡವರ ಲೆಕ್ಕಪತ್ರಗಳು ಆ ಯಂತ್ರಗಳಲ್ಲಿದ್ದುವು. ಸುಮ್ಮನಿರೆಂದು ಹೇಗೆ ಹೇಳಲಿ? ಆದರೆ ತನಗಿತ್ತ ಅಧಿಕಾರವನ್ನು ಮಿತಿಮೀರಿ ಕತ್ತಲಲ್ಲಿ ಬಳಸುವುದು, ಉದ್ದೇಶವು ಎಷ್ಟೇ ಒಳ್ಳೆಯದಾಗಿದ್ದರೂ, ಆ ಪಾರುಪತ್ಯಗಾರನ ಲೋಪಕ್ಕಿಂತ ಯಾವುದರಲ್ಲಿ ಬೇರೆ? ಇಂದು ಬೀಗ ತಿದ್ದಲು ಮೀರಿದ ಕೈ ನಾಳೆ ಮತ್ತೊಂದಕ್ಕೆ ಮೀರದೆಂದು ಯಾರು ಬಲ್ಲರು? ಕೊನೆಗೆ ನಾನು ಹೇಳಿದುದಿಷ್ಟು: “ಅಪಾಯವೇನೆಂದು ನಾಲ್ಕು ಸಾಲು ಬರೆದು ಅವರ ಕೈಗೆ ಕೊಡು. ಬೇಡವೆನ್ನುವುದಾದರೆ ಅದರ ಕೆಳಗೆ ಹಾಗೆಂದು ಬರೆದು ರುಜು ಹಾಕಿಕೊಡಬೇಕೆಂದು ವಿನಯದಿಂದ ಕೇಳು.”

ಬಾಯಲ್ಲಿ ಬೇಡವೆನ್ನುವುದು ಸುಲಭ. ರುಜು ಹಾಕುವಾಗ ಕೈ ತಡೆಯುವುದು. ಮರುದಿನ ಮಧ್ಯಾಹ್ನದೊಳಗೆ ಅನುಮತಿ ದೊರೆಯಿತು. ಬೆಳ್ತಂಗಡಿಯ ಕಡೆಯ ಶಾಖೆಯಲ್ಲಿ ಹಳೆಯ ಯಂತ್ರವೊಂದು ಉಳಿದಿತ್ತು. ಅದಕ್ಕಾಗಿ ಅವನು ನಸುಕಿನ ಬಸ್ಸಿಗೆ ಹೊರಟುಹೋದನು.