‘ದಮನ’ ಎಂಬ ಶಬ್ದ

‘ದಮನ’ವೆಂಬ ಶಬ್ದವನ್ನು ವಾರ್ತಾಪತ್ರಿಕೆಯಲ್ಲಿ ಕಂಡಾಗ ಬಲಿಷ್ಠನು ದುರ್ಬಲನನ್ನು ತುಳಿಯುವ ಚಿತ್ರವು ಮನಸ್ಸಿಗೆ ಬರುತ್ತದೆ. ಬಸದಿಯ ಪ್ರವಚನದಲ್ಲಿ ‘ಇಂದ್ರಿಯದಮನ’ವೆಂದು ಕೇಳಿದಾಗ ಅದೇ ಶಬ್ದಕ್ಕೆ ಶ್ರಾವಕರ ತಲೆ ಬಾಗುತ್ತದೆ. ಒಂದೇ ಮಾತು ನಿಂದ್ಯವೂ ವಂದ್ಯವೂ ಆದುದೆಂತು?

ಸಂಸ್ಕೃತದ ‘ದಮ್’ ಧಾತುವಿಗೆ ಪಳಗಿಸುವುದು, ಅಂಕೆಯಲ್ಲಿರಿಸುವುದು ಎಂದರ್ಥ. ನೊಗಕ್ಕೆ ಇನ್ನೂ ಪಳಗದ ಎಳೆಯ ಹೋರಿ ‘ದಮ್ಯ’; ಇಂದ್ರಿಯಗಳನ್ನು ಪಳಗಿಸಿಕೊಂಡವನು ‘ದಾಂತ’.

ಹೋರಿಯ ಮಾತು ಇಲ್ಲಿ ಅಪ್ರಸ್ತುತವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಕೊನೆಯದಾಗಿ ಅನ್ನಪಾನನಿರೋಧ. ಹಸು ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನುಂಟುಮಾಡುವುದೇ ಅನ್ನಪಾನನಿರೋಧವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯಕ್ಕೆ ಬಂದರೆ, ಆರು ಬಾಹ್ಯತಪಗಳಲ್ಲಿ ಮೊದಲನೆಯದೇ ಅನಶನ! ಅನ್ನವನ್ನು ತಡೆಯುವ ಕ್ರಿಯೆ ಎರಡೆಡೆಯಲ್ಲಿಯೂ ಒಂದೇ. ತನ್ನ ಮೇಲೆ ತಾನೇ ನಡೆಸಿಕೊಂಡಾಗ ಅದು ನಿರ್ಜರೆಗೆ ಕಾರಣ. ಪರಜೀವಿಯ ಮೇಲೆ ನಡೆಸಿದಾಗ ವ್ರತಕ್ಕೆ ಕಳಂಕ.

ಪರ್ವದಿನಗಳಲ್ಲಿ ಈ ಭೇದವು ಕೆಲವು ಮನೆಗಳಲ್ಲಿ ಮರೆತುಹೋಗುವುದುಂಟು. ಯಜಮಾನನು ಚತುರ್ದಶಿಯ ಉಪವಾಸ ಹಿಡಿಯುತ್ತಾನೆ, ಸಂತೋಷ. ಆದರೆ ಅವನೊಡನೆ ಮನೆಯೆಲ್ಲವೂ ಉಪವಾಸವಿರತಕ್ಕದ್ದೆಂದು ಅಪ್ಪಣೆಯಾಗುತ್ತದೆ. ಹತ್ತು ವರ್ಷದ ಮೊಮ್ಮಗನು ಮಧ್ಯಾಹ್ನ ನೀರು ಕೇಳಿದರೆ ‘ನಮ್ಮ ಮನೆತನದಲ್ಲಿ ಹಾಗಿಲ್ಲ’ ಎಂಬ ಉತ್ತರ. ಜ್ವರದಿಂದೆದ್ದ ಸೊಸೆಯು ಒಂದು ಲೋಟ ಗಂಜಿಗೆ ಅತ್ತೆಯ ಮುಖವನ್ನು ನೋಡಬೇಕು. ಹಿರಿಯರು ಇದಕ್ಕೆ ಸಂಸ್ಕಾರವೆಂದು ಹೆಸರಿಡುತ್ತಾರೆ.

ಪ್ರೇರಣೆಯು ಸಂಸ್ಕಾರವೇ ಸರಿ. ಮಗುವು ತಾನಾಗಿ ಬಯಸಿ ಏಕಾಶನ ಮಾಡಿದರೆ ಅದನ್ನು ಅನುಮೋದಿಸುವುದೂ ಪುಣ್ಯಕಾರ್ಯ. ನಿರ್ಬಂಧದ ಹಸಿವು ಬೇರೆ. ವ್ರತವು ಸಂಕಲ್ಪಪೂರ್ವಕವಾದ ನಿಯಮ. ಸಂಕಲ್ಪವು ಅಜ್ಜನದು, ಹಸಿವು ಮೊಮ್ಮಗನದು ಎಂದಾದರೆ ಅಲ್ಲಿ ಬಾಲಕನಿಗೆ ಲಂಘನವಾಯಿತೇ ಹೊರತು ಉಪವಾಸವಾಗಲಿಲ್ಲ. ಪಳಗಿಸದೆ ಹೋರಿ ನೊಗಕ್ಕೆ ಬಂದೀತೇ ಎಂದು ಕೇಳುವವರಿದ್ದಾರೆ. ಬಾರದು, ಆದರೆ ಹುಲ್ಲು ನೀರು ತಪ್ಪಿಸಿ ಹೋರಿಯನ್ನು ಪಳಗಿಸುವುದನ್ನೇ ಆಚಾರ್ಯರು ಅತಿಚಾರವೆಂದದ್ದು.

ಇನ್ನು ಅಪ್ಪಣೆ ಕೊಟ್ಟವನ ಗತಿ. ಅವನ ನಾಲಗೆಯು ಅಂದು ರುಚಿ ಕಾಣಲಿಲ್ಲ, ನಿಜ. ಆದರೆ ತನ್ನ ಮಾತಿಗೆ ಮನೆಮಂದಿಯೆಲ್ಲ ಬಾಗಿದುದನ್ನು ಕಂಡು ಮಾನಕಷಾಯವು ಹೊಟ್ಟೆತುಂಬ ಉಂಡಿತು. ದಶಲಕ್ಷಣ ಪರ್ವದ ಎರಡನೆಯ ದಿನವನ್ನು ಉತ್ತಮ ಮಾರ್ದವಕ್ಕೆ ಮೀಸಲಿಟ್ಟಿರುವುದು ಈ ಊಟವನ್ನು ಬಿಡಿಸಲೆಂದೇ. ಮರುದಿನ ಪಾರಣೆಯ ಹೊತ್ತಿಗೆ, ಆ ಮನೆಯಲ್ಲಿ ಉಪವಾಸವಿದ್ದವರೆಷ್ಟು ಮಂದಿಯೆಂದು ಎಣಿಸಹೊರಟರೆ ಬಾಲಕನನ್ನೂ ಸೊಸೆಯನ್ನೂ ಬಿಡಬೇಕಾಗುತ್ತದೆ. ಯಜಮಾನನನ್ನು ಸೇರಿಸುವುದೂ ಸಂದೇಹವೇ.