ಸಾಮೀಪ್ಯವೆಂಬ ಮರೆ

ಅತಿಪರಿಚಯದಿಂದ ಅವಜ್ಞೆ ಹುಟ್ಟುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಲಯಪರ್ವತದ ಬೇಡತಿಯು ಶ್ರೀಗಂಧವನ್ನೇ ಒಲೆಗೆ ಉರುವಲಾಗಿ ಹಾಕುವಳೆಂಬ ದೃಷ್ಟಾಂತವು ವಾಚಕರಿಗೆ ತಿಳಿದದ್ದೇ. ಆದರೆ ಹುಟ್ಟಿ ಬೆಳೆದ ಊರಿನ ವಿಷಯದಲ್ಲಿ ಈ ಮಾತು ಪೂರ್ಣವಾಗಿ ಸಲ್ಲುವುದೇ ಎಂಬುದು ವಿಚಾರಣೀಯವಾಗಿದೆ. ಉಡುಪಿಯಲ್ಲಿ ವಾಸಿಸುವ ನಾವು ರಥಬೀದಿಯನ್ನು ಅವಜ್ಞೆಯಿಂದ ನೋಡುತ್ತೇವೆಂದು ಯಾರೂ ಹೇಳಲಾರರು. ಅದು ನಮಗೆ ಕಾಣುವುದಿಲ್ಲ, ಅಷ್ಟೆ. ಇರುವ ವಸ್ತುವೇ ಕಾಣದಿರಲು ಕಾರಣಗಳನ್ನು ಎಣಿಸುವಾಗ ಸಾಂಖ್ಯಕಾರಿಕೆಯು ಅತಿದೂರದೊಡನೆ ಸಾಮೀಪ್ಯವನ್ನೂ ಸೇರಿಸುತ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣದೆಂಬುದು ವ್ಯಾಖ್ಯಾನಕಾರರ ಉದಾಹರಣೆ. ಸಾಂಖ್ಯರ ಸಿದ್ಧಾಂತವು ನಮಗೆ ಸಮ್ಮತವಲ್ಲ; ಕಾಡಿಗೆಯ ಮಾತನ್ನು ಒಪ್ಪಲು ಅಡ್ಡಿಯಿಲ್ಲ.

ಕೆಲಕಾಲದ ಹಿಂದೆ ರಾಯಚೂರಿನ ಕಡೆಯ ವೃದ್ಧ ಗೃಹಸ್ಥರೊಬ್ಬರಿಗೆ ಊರು ತೋರಿಸುವ ಕೆಲಸವನ್ನು ತಂದೆಯವರು ನನಗೆ ಒಪ್ಪಿಸಿದರು. ಕ್ರಮದಂತೆ ಮೊದಲು ಚಂದ್ರಮೌಳೀಶ್ವರ, ಬಳಿಕ ಅನಂತೇಶ್ವರ, ಆಮೇಲೆ ಶ್ರೀಕೃಷ್ಣ. ಒಂಬತ್ತು ರಂಧ್ರಗಳ ಕಿಂಡಿ, ಪಶ್ಚಿಮಾಭಿಮುಖನಾದ ಸ್ವಾಮಿ, ಅಷ್ಟಮಠಗಳು, ಇವೆಲ್ಲವನ್ನೂ ಅವರು ಚೆನ್ನಾಗಿ ಬಲ್ಲವರು. ಅವರು ಬಹಳ ಹೊತ್ತು ನಿಂತದ್ದು ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟಿದ ಕಟ್ಟಿಗೆಯ ಮುಂದೆ. ಶ್ರೀವಾದಿರಾಜರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ವಿಸ್ತರಿಸಿದ್ದನ್ನೂ, ಪರ್ಯಾಯಕ್ಕೆ ಮುನ್ನ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತವೆಂಬ ನಾಲ್ಕು ಮುಹೂರ್ತಗಳು ನಡೆಯುವುದನ್ನೂ ನಾನು ಹೇಳುತ್ತಿದ್ದೆ. ಅವರು ಒಂದೊಂದು ಸೀಳನ್ನೂ ನೋಡುತ್ತ, ಇದನ್ನು ಒಟ್ಟುವವರು ಯಾರು, ಒಳಗಿನದು ನೆನೆಯದೇ ಎಂದು ಕೇಳಿದರು. ಕಡೆಗೆ, “ಇಷ್ಟು ಮಳೆಯ ಸೀಮೆಯಲ್ಲಿ ಒಣಕಟ್ಟಿಗೆಯನ್ನು ಕೂಡಿಡುವುದೆಂದರೆ ಅನ್ನವನ್ನೇ ಕೂಡಿಟ್ಟ ಹಾಗಲ್ಲವೇ, ಆಚಾರ್ಯರೇ?” ಎಂದರು. ಮಳೆ ಕಾಣದ ಬಯಲುಸೀಮೆಯವರಿಗೆ ನಮ್ಮ ಆಷಾಢ, ಶ್ರಾವಣಗಳ ಒಲೆಯ ಕಷ್ಟವು ಹೊಳೆಯಿತು!

ಇದು ಅವರ ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ಜಗತ್ತು ಸತ್ಯ, ವಸ್ತುವಿನ ಗುಣವು ನೋಡುವವನ ಕಲ್ಪನೆಯಲ್ಲ ಎನ್ನುವವರು ನಾವು. ಹಾಗಾದರೆ ಅತಿಥಿ ಕಂಡದ್ದು ಕಟ್ಟಿಗೆಯಲ್ಲಿ ಮೊದಲೇ ಇತ್ತು. ನಿತ್ಯವೂ ಅದರ ಪಕ್ಕದಲ್ಲೇ ಹಾದುಹೋಗುವವರ ಕಣ್ಣಿಗೆ ಸಾಮೀಪ್ಯವು ಮರೆಯಾಗಿತ್ತು.

ಊರಿನವನು ಸದಾ ಹೀಗೆ ಬೆರಗಾಗಿ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಪಾಕಶಾಲೆಯವರು ಸೌದೆಯ ಮುಂದೆ ಧ್ಯಾನಸ್ಥರಾದರೆ ನೈವೇದ್ಯಕ್ಕೆ ಹೊತ್ತು ಮೀರುತ್ತದೆ. ಕಾಣದೆ ಮಾಡುವ ಕೆಲಸದಲ್ಲಿಯೂ ಸೇವೆಯಿದೆ. ಅದನ್ನು ಜಡವೆಂದು ಹಳಿಯುವುದು ಯಾತ್ರಿಕರ ಅವಸರದ ತೀರ್ಪು. ಆದರೆ ಕಾಣದ್ದು ಕೈತಪ್ಪಿದರೂ ತಿಳಿಯುವುದಿಲ್ಲವೆಂಬ ಭಯ ಮಾತ್ರ ಉಳಿಯುತ್ತದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಸಂಸ್ಥೆಯೂ ಹುಟ್ಟಿದ್ದು ಇದೇ ಊರಿನಲ್ಲಿ. 2020ರ ಎಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆ ಫಲಕಗಳ ಕೆಳಗೆ ದಿನವೂ ನಡೆದವರಲ್ಲಿ ಎಷ್ಟು ಮಂದಿ ಅವನ್ನು ಒಮ್ಮೆ ತಲೆಯೆತ್ತಿ ಓದಿದ್ದರು?

ಅಷ್ಟಮಿ, ವಿಟ್ಲಪಿಂಡಿಗೆ ನಮ್ಮ ಮನೆಗಳಿಗೆ ನೆಂಟರು ಬರುತ್ತಾರೆ. ಮೂರು ಗುಡಿಗಳ ದರ್ಶನ ಮಾಡಿಸಿ ಬೇಗ ಹಿಂದಿರುಗುವ ಆತುರ ಇದ್ದೇ ಇರುತ್ತದೆ. ಮನೆಯಲ್ಲಿ ಎಲೆ ಹಾಕಿರುತ್ತಾರೆ. ಆದರೂ ಅವರು ಎಲ್ಲಿಯಾದರೂ ತಡೆದು ನಿಂತರೆ, ಪಾಪ, ನಿಲ್ಲಲಿ.