ಉರಿ ಆರಿದ ಒಲೆಗೆ ಸಿಂಗಾರ

ಸತ್ತ ಮೇಲೆ ಸನ್ಮಾನ ಮಾಡುವುದು ಮನುಷ್ಯರ ವಿಷಯದಲ್ಲಿ ನಮಗೆ ಹೊಸದಲ್ಲ. ವಸ್ತುಗಳ ವಿಷಯದಲ್ಲಿಯೂ ಹಾಗೆಯೇ. ಬೀಸುವ ಕಲ್ಲು ಬೀಸುತ್ತಿದ್ದಷ್ಟು ಕಾಲ ಒಳಮನೆಯ ಮೂಲೆಯಲ್ಲಿತ್ತು. ಬೀಸುವುದು ನಿಂತ ಮೇಲೆ ಪಡಸಾಲೆಗೆ ಬಂದು ಹೂಕುಂಡ ಹೊತ್ತಿತು. ಎತ್ತಿನ ಗಾಡಿಯ ಚಕ್ರ ಹೋಟೆಲಿನ ಬಾಗಿಲಿಗೆ ಬಂದು ಒರಗಿತು. ಕೆಲಸ ಮುಗಿದ ವಸ್ತುವನ್ನು ಸಿಂಗರಿಸಿ ಇಡುವುದು ಸರಿಯೆ, ತಪ್ಪೆ? ಇದೂ ಒಂದು ಪ್ರಶ್ನೆಯೆ ಎಂದು ಓದುಗರು ನಗಬಹುದು. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಇಟ್ಟಿಗೆಯ ಅಗ್ಗಿಷ್ಟಿಕೆಯನ್ನು ದುರಸ್ತಿ ಮಾಡಿಸುವವರೆಗೆ ನಾನೂ ನಗುತ್ತಿದ್ದೆ.

ಹೈದರಾಬಾದಿನಲ್ಲಿ ಅಗ್ಗಿಷ್ಟಿಕೆಯೆ? ಮೇ ತಿಂಗಳಲ್ಲಿ ಗೋಡೆಯೇ ಕಾದ ಹೆಂಚಾಗುವ ಊರು ಇದು. ಆದರೆ ನಿಜಾಮರು 1798ರಲ್ಲಿ ಇಂಗ್ಲಿಷರೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ ಮೇಲೆ ಹುಸೇನ್‌ಸಾಗರದ ಆಚೆಗೆ ಅವರ ದಂಡು ಬೀಡುಬಿಟ್ಟಿತು. 1806ರಲ್ಲಿ ಆ ಬೀಡಿಗೆ ನಿಜಾಮ ಸಿಕಂದರ್ ಜಾಹರ ಹೆಸರಿನಿಂದ ಸಿಕಂದರಾಬಾದ್ ಎಂಬ ಹೆಸರಾಯಿತು. ದಂಡಿನ ಹಿಂದೆ ಬಂಗಲೆಗಳು ಬಂದವು. ಬೊಲಾರಂ ಕಡೆ ಉಳಿದುಕೊಂಡಿರುವ ಅಂಥ ಒಂದು ಹಳೆಯ ಬಂಗಲೆಯ ಅರ್ಧ ಪಾಲಿನಲ್ಲಿ ನಾವು ಆರು ವರ್ಷಗಳಿಂದ ಬಾಡಿಗೆಗೆ ಇದ್ದೇವೆ. ಮುಂದಿನ ಕೋಣೆಯ ಗೋಡೆಯಲ್ಲಿ ಎದೆಯೆತ್ತರದ ಅಗ್ಗಿಷ್ಟಿಕೆ. ಮೇಲೆ ಕಮಾನು, ಕಮಾನಿನ ಮೇಲೆ ಒಂದು ತೇಗದ ಹಲಗೆ.

ಈ ಊರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣತೆ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವುದುಂಟು. ಅಷ್ಟಕ್ಕೆ ಒಂದು ದಪ್ಪ ಕಂಬಳಿ ಸಾಕು. ಕಟ್ಟಿಸಿದ ಸಾಹೇಬನಿಗೆ ಬೇಕಾಗಿದ್ದುದು ಬಿಸಿಯೊಂದೇ ಆಗಿರಲಾರದು. ಊರು ಬಿಟ್ಟು ಬಂದವನು ಗೋಡೆಯೊಳಗೆ ತನ್ನ ಊರನ್ನು ಒಂದಿಷ್ಟು ಕಟ್ಟಿಸಿಕೊಂಡಿರಬೇಕು. ಅವನನ್ನು ನೋಡಿ ನಾವು ನಗಬೇಕಾಗಿಲ್ಲ. ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆ, ಬೀದರಿನ ಹೂಜಿ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸುವ ಹೊರನಾಡ ಕನ್ನಡಿಗರಲ್ಲವೆ ನಾವು?

ನಾವು ಬಂದಾಗ ಅದರೊಳಗೆ ಹರಿದ ಚಪ್ಪಲಿ, ಹಳೆಯ ಪೇಪರು, ಪಾರಿವಾಳದ ಗೂಡು ಇದ್ದವು. ಮನೆಯ ಮಾಲಿಕರು, "ಏನು ಬೇಕಾದರೂ ಮಾಡಿಕೊಳ್ಳಿ, ಬಾಡಿಗೆಯಲ್ಲಿ ಮಾತ್ರ ಮುರಿದುಕೊಳ್ಳಬೇಡಿ" ಎಂದು ಅಪ್ಪಣೆ ಕೊಟ್ಟಿದ್ದರು. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಮನೆಯಲ್ಲಿ ಈ ಬಗ್ಗೆ ಕಡತ ತೆರೆಯಿತು. ಮೂರು ಪ್ರಸ್ತಾಪಗಳು ಬಂದವು. ಇಂಟರ್ ಓದುತ್ತಿರುವ ಮಗಳದು: ಎಲ್ಲಕ್ಕೂ ಬಿಳಿಯ ಎನಾಮಲ್ ಬಳಿದು, ಒಳಗೆ ಸಣ್ಣ ದೀಪಗಳ ಸರ ಹಾಕುವುದು. ಮನೆಯವಳದು: ಅದನ್ನು ಮುಚ್ಚಿ ಅಲ್ಲೊಂದು ಕಪಾಟು ಮಾಡಿಸಿ, ಉಳಿದ ಹಣದಲ್ಲಿ ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು. ಮೂರನೆಯದು ನನ್ನದು: ಇದ್ದುದನ್ನು ಇದ್ದ ಹಾಗೆ, ಆದರೆ ಚೆಂದಾಗಿ ಕಾಣುವ ಹಾಗೆ ಮಾಡುವುದು. ಫ್ಯಾನಿನ ಮಾತು ಎರಡು ವರ್ಷದ ಹಳೆಯದು. ಕಚೇರಿಯ ಅಭ್ಯಾಸದಂತೆ ಅದಕ್ಕೆ "ಮುಂದೆ ಪರಿಶೀಲಿಸಬಹುದು" ಎಂದು ಷರಾ ಬರೆದು, ನನ್ನ ಪ್ರಸ್ತಾಪವನ್ನು ನಾನೇ ಮಂಜೂರು ಮಾಡಿಕೊಂಡೆ.

ಅಳವಾಲಿನಿಂದ ವಯಸ್ಸಾದ ಗಾರೆ ಕೆಲಸದವರೊಬ್ಬರು ಬಂದರು. ಮೊದಲು ಒಣ ಬ್ರಷ್ಷಿನಿಂದ ಮಸಿ ಕೆರೆದು, ಆಮೇಲೆ ವಾಷಿಂಗ್ ಸೋಡಾ ನೀರಿನಿಂದ ಇಟ್ಟಿಗೆಯ ಮುಖ ತೊಳೆದರು. ಆಸಿಡ್ ಹಾಕಿದರೆ ಬೇಗ ಬೆಳ್ಳಗಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ತಲೆಯಲ್ಲಾಡಿಸಿಬಿಟ್ಟರು. ಸಂದುಗಳಿಗೆ ಸಿಮೆಂಟೂ ಬೇಡವೆಂದರು. ಹಳೆಯ ಇಟ್ಟಿಗೆ ಮೃದು, ಸಿಮೆಂಟು ಗಡುಸು; ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಸಿಮೆಂಟಿನ ಸಂದಿನಿಂದ ಹೊರಬರಲಾರದೆ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಗೆ ಬಿಡುತ್ತದೆ. ಎನಾಮಲ್ ಬಣ್ಣಕ್ಕೂ ಇದೇ ನ್ಯಾಯ: ಮೇಲೆ ಹೊಳಪು, ಒಳಗೆ ಕೊಳೆತ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುವುದನ್ನು ನಾನು ಬಿ.ಎಸ್‌ಸಿ.ಯಲ್ಲಿ ಸಮೀಕರಣವಾಗಿ ಬರೆದಿದ್ದೆ; ಅವರು ಕೈಯಿಂದ ಬಲ್ಲವರಾಗಿದ್ದರು. ಹೊಗೆಗೂಡಿನ ಬಾಯಿಗೆ ಗಾಳಿ ಆಡುವಂತೆ ತಂತಿಯ ಜಾಲರಿ ಹಾಕಿದೆವು. ನೆಲಕ್ಕೆ ನಮ್ಮ ಕಡೆಯದೇ ಆದ ಶಹಾಬಾದಿನ ಫರಸಿ ಕಲ್ಲು ತರಿಸಿದೆ. ಹಲಗೆಗೆ ಅಗಸೆ ಎಣ್ಣೆ ತಿಕ್ಕಿದೆವು. ಮಗಳು ಒಳಗೆ ಒಂದು ಹಿತ್ತಾಳೆಯ ದೀಪ ಇಟ್ಟಳು. ನೋಡಿದವರೆಲ್ಲ ಹೊಗಳಿದರು. ನಾನೂ ಹೊಗಳಿಸಿಕೊಂಡೆ.

ಕೆಲಸ ನಡೆದಾಗ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಅಗ್ಗಿಷ್ಟಿಕೆಯ ಪಕ್ಕದ ಗೋಡೆಗಳು ನೇರವಾಗಿರದೆ ಓರೆಯಾಗಿದ್ದವು, ಆಳ ಕಡಿಮೆಯಿತ್ತು, ಹೊಗೆ ಏರುವ ಕಂಠ ಕಿರಿದಾಗಿತ್ತು. ಇದು ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿಯ ರೀತಿ. ತೆರೆದ ಒಲೆಯ ಹೆಚ್ಚಿನ ಶಾಖ ಹೊಗೆಯೊಡನೆ ಮೇಲೆ ಹೋಗಿಬಿಡುತ್ತದೆ, ಕೋಣೆಗೆ ಸಿಗುವುದು ಪ್ರಸರಿಸಿ ಬರುವ ಶಾಖ ಮಾತ್ರ, ಆದುದರಿಂದ ಪಕ್ಕಗಳನ್ನು ಓರೆ ಮಾಡಿ ಕಂಠ ಕಿರಿದು ಮಾಡಬೇಕು ಎಂದು ಅವನು 1796ರಲ್ಲಿ ಬರೆದ. ಲಂಡನ್ನಿನ ಆ ಜಾಣತನ ಬೊಲಾರಂವರೆಗೆ ಬಂದು ಮುಟ್ಟಿತ್ತು.

ಸಂಕ್ರಾಂತಿ ಮುಗಿದ ಮೇಲೆ ಸೇಡಂ ತಾಲೂಕಿನ ನಮ್ಮ ಹಳ್ಳಿಯಿಂದ ಅವ್ವ ಬಂದಳು, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಮರುದಿನ ಬೆಳಗ್ಗೆ ಅಗ್ಗಿಷ್ಟಿಕೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕೈಯಿಂದ ಒಳಗೋಡೆ ಸವರಿ ನೋಡಿದಳು.

"ಇದೇನೋ ತಮ್ಮಾ, ಪಡಸಾಲ್ಯಾಗ ಒಲಿ ಹಾಕ್ಯಾರ?"

"ಅಡಗಿ ಒಲಿ ಅಲ್ಲ ಅವ್ವ. ಇಂಗ್ಲಿಷ್ ಸಾಹೇಬರು ಚಳಿ ಕಾಸ್ಕೊಳ್ಲಾಕ ಕಟ್ಟಿಸಿದ್ದು."

"ಹೊಗಿ ಎಲ್ಲಿ ಹೋಗ್ತದ?"

"ಗೋಡ್ಯಾಗ ಕೊಳವಿ ಅದ. ಮ್ಯಾಲ ಹೋಗ್ತದ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಹೊಗಿ ಮ್ಯಾಲ ಕಳಸೂದು ಆಗಿನ ಮಂದಿಗಿ ಗೊತ್ತಿತ್ತು. ಮತ್ತ ನಮ್ಮ ಒಲಿಗಿ ಯಾಕ ಯಾರೂ ಕಟ್ಟಲಿಲ್ಲ?" ಎಂದಳು.

ಸಿಟ್ಟಿನಿಂದ ಕೇಳಿದ ಮಾತಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದ ಹಾಗೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಸಂಜೆ ಮಾಲಿಕರ ಅನುಮತಿ ಪಡೆದು ಬಂಗಲೆಯ ಹಿಂಭಾಗಕ್ಕೆ ಹೋದೆ. ಸಾಹೇಬರ ಕಾಲದ ಅಡುಗೆಮನೆ ಬಂಗಲೆಯಿಂದ ಇಪ್ಪತ್ತು ಹೆಜ್ಜೆ ದೂರ, ಬೇರೆಯಾಗಿಯೇ ಇದೆ. ಈಗ ಹಳೆಯ ಸಾಮಾನು ತುಂಬಿದ ಕೊಠಡಿ. ಅದೇ ಇಟ್ಟಿಗೆ, ಅದೇ ಗಾರೆ. ಬಹುಶಃ ಅವೇ ಕೈಗಳು ಕಟ್ಟಿದ್ದು. ಒಲೆಯ ಕಟ್ಟೆ ಇದೆ, ಹೊಗೆಗೂಡು ಇಲ್ಲ. ಗೋಡೆಯ ಮೇಲೆ ಒಂದು ಕಿಂಡಿ, ಕಿಂಡಿಯ ಸುತ್ತ ಇಂದಿಗೂ ಅಳಿಯದ ಮಸಿ. ವರ್ಷಕ್ಕೆ ಹತ್ತಿಪ್ಪತ್ತು ರಾತ್ರಿ ಉರಿಯುವ ಬೆಂಕಿಗೆ ರಮ್‌ಫರ್ಡನ ವಿಜ್ಞಾನ. ವರ್ಷದ ಮುನ್ನೂರ ಅರವತ್ತೈದು ದಿನ ಉರಿಯುವ ಬೆಂಕಿಗೆ ಒಂದು ಕಿಂಡಿ. ತಿಳಿವಳಿಕೆಯ ಕೊರತೆ ಇರಲಿಲ್ಲ. ತಿಳಿವಳಿಕೆಯನ್ನು ಯಾರಿಗಾಗಿ ಖರ್ಚು ಮಾಡಬೇಕು ಎಂಬಲ್ಲಿ ಲೆಕ್ಕ ಬೇರೆಯಾಗಿತ್ತು. ರಮ್‌ಫರ್ಡನಿಗೆ ಇದರ ದೋಷ ತಟ್ಟದು. ಅವನು ಮ್ಯೂನಿಕ್ ನಗರದಲ್ಲಿ ಬಡವರಿಗೆ ಊಟ ಬೇಯಿಸುವ ಮನೆಗೂ ಒಳ್ಳೆಯ ಇಟ್ಟಿಗೆ ಒಲೆಗಳನ್ನು ಕಟ್ಟಿಸಿದವನು. ಅವನ ಪಡಸಾಲೆಯ ವಿದ್ಯೆ ಇಲ್ಲಿಗೆ ಹಡಗೇರಿ ಬಂತು. ಅಡುಗೆಮನೆಯ ವಿದ್ಯೆ ಈ ಅಂಗಳದ ಇಪ್ಪತ್ತು ಹೆಜ್ಜೆಯನ್ನೂ ದಾಟಲಿಲ್ಲ.

ಸಾಹೇಬನನ್ನು ಬಯ್ದು ಮುಗಿಸುವುದು ಸುಲಭ. ಆದರೆ ನಮ್ಮವರೇ ಮಾಡಿದ ಕೆಲಸವೂ ಇದೆ. ಇದೇ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಡಾ. ಎಸ್.ಪಿ. ರಾಜು ಅವರು ಹೊಗೆಗೂಡುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿ, 1953ರಲ್ಲಿ 'ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್' ಎಂಬ ಪುಸ್ತಕ ಬರೆದರು. ಕೋಟ್ಯಂತರ ಜನರ ಅಡುಗೆಮನೆಯನ್ನು ಹೊಗೆಯಿಂದ ಬಿಡಿಸಬೇಕೆಂಬುದು ಹೆಸರಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಿಗೆ ಕೊಟ್ಟರು. 1983ರಲ್ಲಿ ಕೇಂದ್ರ ಸರ್ಕಾರವೇ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡಿತು. ಎಷ್ಟೋ ಕಡೆ ಒಲೆ ಬಿರುಕುಬಿಟ್ಟಿತು, ಕೊಳವೆ ಕಟ್ಟಿಕೊಂಡಿತು, ಸ್ವಚ್ಛ ಮಾಡುವವರಿರಲಿಲ್ಲ. ಆದರೂ ದಾರಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಡುಗೆಯ ಹೊಗೆ ಮುಖ್ಯವಾಗಿರುವ ಮನೆಯೊಳಗಿನ ಮಲಿನ ಗಾಳಿಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಣ್ಣಿನ ಪೊರೆಗೂ ಈ ಹೊಗೆಗೂ ನಂಟಿದೆಯೆಂದು ಅದೇ ಸಂಸ್ಥೆ ಹೇಳುತ್ತದೆ.

ಇನ್ನು ನನ್ನ ಪಾಲಿನ ಲೆಕ್ಕ. ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅದೇ ಒಲೆಯ ಹತ್ತಿರ ಕುಳಿತು ನಾನು ಅಪೂರ್ಣ ದಹನದ ಪಾಠ ಬಾಯಿಪಾಠ ಮಾಡಿದೆ: ಆಮ್ಲಜನಕ ಸಾಲದಿದ್ದರೆ ಇಂಗಾಲದ ಮಾನಾಕ್ಸೈಡ್, ಮಸಿ, ಇತ್ಯಾದಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಬೆಳಕಿಂಡಿಯ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಒಂದು ಕೊಳವೆ ನಿಲ್ಲಿಸಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. 2004ರಲ್ಲಿ ನೌಕರಿ ಸಿಕ್ಕಿತು. ಮೊದಲ ವರ್ಷದ ಉಳಿತಾಯದಲ್ಲಿ ಊರ ಮನೆಗೆ ಬಣ್ಣದ ಟಿ.ವಿ. ತಂದೆ, ಪಡಸಾಲೆಯಲ್ಲಿ ಇಟ್ಟೆ, ಊರೆಲ್ಲ ಬಂದು ನೋಡಿತು. ಗ್ಯಾಸಿನ ಒಲೆ ಬಂದುದು ಮೂರು ವರ್ಷದ ಅನಂತರ. ಆ ಮೂರು ವರ್ಷವೂ ಅವ್ವ ಊದುಗೊಳವೆ ಊದಿದಳು. ಹಾಗಾದರೆ ಬೊಲಾರಂನ ಸಾಹೇಬನಿಗೂ ನನಗೂ ವ್ಯತ್ಯಾಸವೇನು? ಅವನೂ ಮುಂದಿನ ಕೋಣೆಯಿಂದ ಆರಂಭಿಸಿದ, ನಾನೂ ಮುಂದಿನ ಕೋಣೆಯಿಂದಲೇ ಆರಂಭಿಸಿದೆ. ಅವನಾದರೋ ಪರದೇಶದವನು, ಒಲೆಯ ಮುಂದೆ ಕುಳಿತವಳು ಅವನ ತಾಯಿಯಾಗಿರಲಿಲ್ಲ.

ಹಾಗಿದ್ದರೆ ಸಿಂಗಾರವೇ ತಪ್ಪೆ? ಹಾಗೆ ಹೇಳಲು ಮನಸ್ಸು ಒಪ್ಪದು. ಏಕೆಂದರೆ ಒಲೆಯನ್ನು ಸಿಂಗರಿಸುವುದನ್ನು ನಾನು ಮೊದಲು ಕಂಡದ್ದು ಅವ್ವನಲ್ಲಿಯೇ. ಬೆಳಗಾಗೆದ್ದು ಬೂದಿ ತೆಗೆದು, ಸಗಣಿಯಿಂದ ಒಲೆ ಸಾರಿಸಿ, ಸುಣ್ಣದ ಎರಡು ಗೆರೆ ಎಳೆದು, ಹಬ್ಬದ ದಿನ ಕುಂಕುಮವಿಟ್ಟು, ಆಮೇಲೆ ಬೆಂಕಿ ಹಚ್ಚುತ್ತಿದ್ದಳು. ಸಂಜೆಯ ಹೊತ್ತಿಗೆ ಗೆರೆಯೆಲ್ಲ ಮಸಿ. ಮರುದಿನ ಮತ್ತೆ ಗೆರೆ. ಅದು ದುಡಿಯುವ ವಸ್ತುವಿಗೆ ಅದರೊಡನೆ ದುಡಿಯುವವಳು ಮಾಡಿದ ಸಿಂಗಾರ. ಅದರಲ್ಲಿ ಉಪಕಾರದ ನೆನಪು ಇತ್ತು, ಯಾವುದನ್ನೂ ಮುಚ್ಚುವ ಉದ್ದೇಶ ಇರಲಿಲ್ಲ. ಆಯುಧಪೂಜೆಯ ದಿನ ಕಾರ್ಖಾನೆಯವನು ಯಂತ್ರಕ್ಕೆ ಹೂ ಮುಡಿಸುವುದೂ ಇದೇ ಜಾತಿಯದು. ಇನ್ನೊಂದು ಬಗೆಯ ಸಿಂಗಾರವಿದೆ. ಅದು ವಸ್ತುವಿನ ಚರಿತ್ರೆಯನ್ನು ಹೊಳಪಿನಲ್ಲಿ ಹೂಳುತ್ತದೆ. ಚೆನ್ನಾಗಿ ಕಾಣುತ್ತದೆಯೆ ಎಂದಷ್ಟೇ ಅದರ ಮುಂದೆ ಕೇಳಬಹುದು. ಯಾರು ಊದಿದರು, ಯಾರು ಕೆಮ್ಮಿದರು ಎಂದು ಕೇಳುವಂತಿಲ್ಲ. ಗಾರೆಯವರ ಮಾತಿನಲ್ಲಿ ಹೇಳುವುದಾದರೆ ಒಂದು ಸುಣ್ಣ, ಇನ್ನೊಂದು ಎನಾಮಲ್.

ಈ ತತ್ತ್ವ ಹೊಳೆದ ಸಂತೋಷದಲ್ಲಿ, ಅವ್ವನ ಹಳೆಯ ಕಬ್ಬಿಣದ ಊದುಗೊಳವೆಯನ್ನು ಊರಿಂದ ತರಿಸಿ, ತಿಕ್ಕಿ, ತೇಗದ ಹಲಗೆಯ ಮೇಲೆ ಗೌರವದಿಂದ ಇಟ್ಟೆ. ಪೊರೆ ತೆಗೆದ ಕಣ್ಣಿನಿಂದ ಅವ್ವ ಅದನ್ನು ನೋಡಿ ನಕ್ಕಳು.

"ಅದನ್ನ ಯಾಕ ಇಟ್ಟಿ? ಊದಿ ಊದಿ ಸಾಕಾಗ್ಯದ ನನಗ. ತೆಗಿ ಅದನ್ನ."

ತೆಗೆದೆ. ಬೇರೆಯವರ ಕಷ್ಟವನ್ನು ನಮ್ಮ ಪಡಸಾಲೆಯ ಶೋಭೆ ಮಾಡಿಕೊಳ್ಳುವ ಹಕ್ಕು ನಮಗಿಲ್ಲವೆಂಬುದು, ಆ ಕಷ್ಟ ಪಟ್ಟವರು ಹೇಳಿದ ಮೇಲೆಯೇ ನನಗೆ ತಿಳಿಯಿತು. ನೆನಪಿಡುವುದು ಒಳ್ಳೆಯದೇ. ಆದರೆ ನೆನಪು ಮಾಡಿಕೊಂಡವನು ಏನಾದರೂ ಮಾಡದಿದ್ದರೆ ಆ ನೆನಪೂ ಷೋಕೇಸಿನ ಗೊಂಬೆಯೇ. ನಮ್ಮ ಭಾಷೆಯ ಗತಿಯೂ ಇದಕ್ಕೆ ಹೊರತಲ್ಲ: ನವೆಂಬರಿನಲ್ಲಿ ಸಿಂಗರಿಸುವ ಕನ್ನಡ ಚೆಂದವೇ, ಆದರೆ ದಿನವೂ ಮಸಿಯಾಗಿ ದಿನವೂ ಗೆರೆ ಎಳೆಸಿಕೊಳ್ಳುವ ಕನ್ನಡ ಮನೆಯೊಳಗೆ ಇದ್ದರೆ ಮಾತ್ರ.

ಎರಡು ವರ್ಷದ ಹಳೆಯ ಕಡತವನ್ನು ಮರುವಾರ ಹೊರತೆಗೆದೆ. ಅಡುಗೆಮನೆಯ ಗೋಡೆ ಕೊರೆಸಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಅರ್ಧ ದಿನದ ಕೆಲಸ. ಅಂದು ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದಾಗ ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. "ಇಷ್ಟ ಇದ್ದದ್ದು ನೋಡ್ರಿ" ಎಂದಳು ಮನೆಯವಳು, ಅಷ್ಟೇ. ಊರಿಗೆ ಹೋಗುವವರೆಗೂ ಅವ್ವ ಅಗ್ಗಿಷ್ಟಿಕೆಯ ಮುಂದಿನ ಕುರ್ಚಿಯಲ್ಲಿ ಕೂಡಲಿಲ್ಲ. ಸೊಸೆಯ ಹತ್ತಿರ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿರುತ್ತಿದ್ದಳು.

ಅಗ್ಗಿಷ್ಟಿಕೆ ಈಗಲೂ ಇದೆ. ಹೊರಗಿನ ಇಟ್ಟಿಗೆ ಚೊಕ್ಕಟವಾಗಿದೆ. ಒಳಗೋಡೆಗೆ ಅಂಟಿಕೊಂಡು ಉಳಿದ ಮಸಿಯ ಮೇಲೆ ಬಣ್ಣ ಹಚ್ಚಿಸಿಲ್ಲ. ಬಂದವರು ಕೇಳಿದರೆ ಹಿಂದಿನ ಕೊಠಡಿಯನ್ನೂ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಓದುಗರಲ್ಲಿ ಹೆಚ್ಚಿನವರ ಮನೆಯಲ್ಲಿ ಅಗ್ಗಿಷ್ಟಿಕೆ ಇರಲಾರದು. ಅಡುಗೆಮನೆ ಎಲ್ಲರ ಮನೆಯಲ್ಲಿಯೂ ಇದೆ. ಅಲ್ಲಿ ಯಾವ ಕಡತ ಎಷ್ಟು ವರ್ಷದಿಂದ ಕಾದಿದೆ ಎಂದು ಒಮ್ಮೆ ಕೇಳಿ ನೋಡಬಹುದು.